ತೌಬಾ ಮತ್ತು ಆತ್ಮವಂಚನೆ

ಮಾಡಿದ ಪಾಪಕ್ಕೆ ಮರುಗುವುದು ಮನುಷ್ಯನಿಗೆ ಸಹಜವು. ಆದರೆ ಮರುಕವೆಲ್ಲವೂ ಪಶ್ಚಾತ್ತಾಪವಾಗದು. ಇಸ್ಲಾಂ ಧರ್ಮದಲ್ಲಿ ಪಶ್ಚಾತ್ತಾಪಕ್ಕೆ ತೌಬಾ ಎಂದು ಹೆಸರು. ಅರಬ್ಬೀ ಭಾಷೆಯಲ್ಲಿ ಆ ಶಬ್ದಕ್ಕೆ ಹಿಂದಿರುಗುವಿಕೆ ಎಂದರ್ಥ. ಹಿಂದಿರುಗುವುದೆಂದ ಮೇಲೆ ನಿಂತ ತಾಣವನ್ನು ಬಿಡಲೇಬೇಕಷ್ಟೆ.

ತೌಬಾಕ್ಕೆ ಪಾಪವನ್ನು ಒಡನೆಯೇ ತ್ಯಜಿಸುವುದು, ಮನಸಾರೆ ನೋಯುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು ಎಂಬ ಮೂರು ಅಂಗಗಳನ್ನು ಧರ್ಮಜ್ಞರು ಹೇಳಿರುವರು. ಪರರಿಗೆ ಅನ್ಯಾಯವಾಗಿದ್ದಲ್ಲಿ ಅದನ್ನು ಸರಿಪಡಿಸುವುದು ನಾಲ್ಕನೆಯದು. ಮನುಸ್ಮೃತಿಯ 11ನೆಯ ಅಧ್ಯಾಯವೂ ಅನುತಾಪದೊಡನೆ ನಿವೃತ್ತಿಯನ್ನು ವಿಧಿಸುತ್ತದೆ. ಆಳಂದದ ಸೀಮೆಯಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುವಲ್ಲಿ ಮೀಯುವವರಿಗೂ, ಆಳಂದದ ಲಾಡ್ಲೆ ಮಶಾಕರ ದರ್ಗೆಯಲ್ಲಿ ಕೈಯೆತ್ತಿ ಬೇಡುವವರಿಗೂ ಇದು ಸಮಾನವಾದ ಮಾತು. ನಿವೃತ್ತಿಯಿಲ್ಲದ ಶುದ್ಧಿಯು ಗಜಸ್ನಾನವೇ ಸರಿ. ಮಿಂದ ಆನೆಯು ದಡವೇರಿದೊಡನೆ ಮೈಮೇಲೆ ಧೂಳನ್ನು ಸುರಿದುಕೊಳ್ಳುವುದು.

ಕ್ರಿ.ಶ. 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿಯವರ ‘ಇಹ್ಯಾ ಉಲೂಮುದ್ದೀನ್’ 40 ಪ್ರಕರಣಗಳ ಮಹಾಗ್ರಂಥ. ಅದರಲ್ಲಿ 30ನೆಯದು ಆತ್ಮವಂಚನೆಯ ಖಂಡನೆ, 31ನೆಯದು ತೌಬಾ. ಈ ಕ್ರಮವು ವಿಚಾರಾರ್ಹವಾದುದು. ತನ್ನನ್ನು ತಾನು ವಂಚಿಸಿಕೊಳ್ಳುತ್ತಿರುವವನ ಪಶ್ಚಾತ್ತಾಪವೂ ಆ ವಂಚನೆಯದೇ ಒಂದು ವೇಷವಾಗಿಬಿಡಬಹುದು.

ಬುಖಾರಿ ಹಾಗೂ ಮುಸ್ಲಿಂ ಸಂಗ್ರಹಗಳಲ್ಲಿ ನೂರು ಕೊಲೆ ಮಾಡಿದವನೊಬ್ಬನ ವೃತ್ತಾಂತವಿದೆ. ತನಗೆ ತೌಬಾ ಉಂಟೇ ಎಂದು ಆತನು ವಿದ್ವಾಂಸನೊಬ್ಬನನ್ನು ಕೇಳಲು, ಉಂಟು, ಆದರೆ ನಿನ್ನ ಊರು ಕೆಟ್ಟುದು, ಅದನ್ನು ಬಿಟ್ಟು ಸಜ್ಜನರಿರುವಲ್ಲಿಗೆ ಹೋಗು ಎಂದು ಉತ್ತರ ಬಂದಿತು. ಆತನು ದಾರಿಯಲ್ಲಿಯೇ ಸತ್ತನು. ಆದರೂ ಒಳ್ಳೆಯ ಊರಿಗೆ ಗೇಣಿನಷ್ಟು ಸಮೀಪನಾಗಿದ್ದುದರಿಂದ ಕ್ಷಮೆಗೆ ಪಾತ್ರನಾದನು.

ಈಗಲಾದರೋ ಕೆಟ್ಟ ಊರು ಜೇಬಿನೊಳಗೇ ಬಂದು ಕುಳಿತಿದೆ. ಆಳಂದವಾಗಲಿ, ಜೇವರ್ಗಿಯಾಗಲಿ, ಮೊಬೈಲು ಇಲ್ಲದ ತರುಣನು ದುರ್ಲಭನು. ರಾತ್ರಿಯ ಇಶಾ ನಮಾಜಿನಲ್ಲಿ ಕಣ್ಣೀರಿಟ್ಟವನು ನಡುರಾತ್ರಿಯಲ್ಲಿ ಏಕಾಂತದ ಹಾಸಿಗೆಯಲ್ಲಿ ಅಂತರ್ಜಾಲದ ಅಶ್ಲೀಲ ಚಿತ್ರಗಳಿಗೆ ಮರಳುವನು. ಆಗ ಮನಸ್ಸು ವಕೀಲನಾಗಿ ವಾದಿಸತೊಡಗುವುದು: ನಿಶ್ಚಯದ ಬಲವನ್ನು ಪರೀಕ್ಷಿಸಲು ಒಮ್ಮೆ ನೋಡಿದರೇನು? ದೇವರು ಕರುಣಾಮಯನಲ್ಲವೇ? ರಮಜಾನ್ ಬಂದೊಡನೆ ಬಿಟ್ಟರಾಯಿತು! ಕರುಣೆಯನ್ನು ನಂಬುವುದು ಭಕ್ತಿ. ಅದನ್ನು ಮುಂಗಡವಾಗಿ ಪಡೆದು ಪಾಪಕ್ಕೆ ವೆಚ್ಚ ಮಾಡುವುದು ವಂಚನೆ.

ಪ್ರಲೋಭನದ ಎದುರು ನಿಂತು ಗೆಲ್ಲುವುದೇ ಶೌರ್ಯವಲ್ಲವೇ, ಓಡುವುದು ಹೇಡಿತನವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಆ ವಿದ್ವಾಂಸನು ಕೊಲೆಗಾರನಿಗೆ ಅಲ್ಲಿಯೇ ನಿಂತು ಹೋರಾಡೆಂದು ಹೇಳಲಿಲ್ಲ. ತನ್ನ ದೌರ್ಬಲ್ಯವನ್ನು ಬಲ್ಲವನು ಮಲಗುವ ಮುನ್ನ ಮೊಬೈಲನ್ನು ಬೇರೆ ಕೋಣೆಯಲ್ಲಿಡುವನು, ಏಕಾಂತವನ್ನು ಬಿಟ್ಟು ಸತ್ಸಂಗವನ್ನು ಹುಡುಕುವನು. ಇದು ಹೇಡಿತನವಲ್ಲ, ಆತ್ಮಜ್ಞಾನ.

ಹೀಗೆ ಮಾಡಿಯೂ ಎಡವಿದವನು ನಿರಾಶನಾಗಬೇಕಾದುದಿಲ್ಲ. ಕದವಿಕ್ಕಿಯೂ ಗಾಳಿಗೆ ಸೋತವನು ಬೇರೆ, ಕದವನ್ನು ಓರೆಮಾಡಿಟ್ಟು ಗಾಳಿಯನ್ನು ದೂರುವವನು ಬೇರೆ. ಮೊದಲನೆಯವನು ನೂರು ಸಲ ಮರಳಿದರೂ ಅದು ತೌಬಾವೇ. ಎರಡನೆಯವನು ಹೊರಟೇ ಇಲ್ಲ. ಕದವನ್ನು ಓರೆಮಾಡಿದ ಕೈ ಯಾರದೆಂಬುದು ಲೋಕಕ್ಕೆ ತಿಳಿಯದಿರಬಹುದು. ಮಾಡಿದವನಿಗೆ ತಿಳಿದೇ ಇರುವುದು.