ಕಾಳಿಟ್ಟು ಕಾಯುವವರು

ಮುಂಬಯಿಯಲ್ಲಿ ನಮ್ಮಂಥವರಿಗೆ ಹಿತ್ತಿಲೆಂದರೆ ಬಾಲ್ಕನಿಯೇ. ಒಂದು ತುಳಸಿ, ಒಂದು ದಾಸವಾಳ, ಗ್ರಿಲ್ಲಿಗೆ ತೂಗುಬಿಟ್ಟ ಕಾಳಿನ ತಟ್ಟೆ, ನೀರಿನ ಬಟ್ಟಲು. ಈಗ ಅದರೆದುರಿಗೆ ಕ್ಯಾಮೆರಾವೂ ಬಂದಿದೆ. ರವಿವಾರ ಬೆಳಿಗ್ಗೆ ಪರದೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತವರಿಗೆ ಕಾಫಿ ಆರಿದ್ದೂ ತಿಳಿಯದು. ಹವ್ಯಾಸವೇನೋ ಒಳ್ಳೆಯದೇ. ಆದರೆ ಹೀಗೆ ಇಟ್ಟ ಕಾಳು ದಾನವೋ, ಗಾಳದ ತುದಿಯ ಎರೆಯೋ?

ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ಭತ್ತದ ತೆನೆಯ ಗೊಂಚಲನ್ನು ಜಂತಿಗೆ ಕಟ್ಟುತ್ತಿದ್ದರು. ಗುಬ್ಬಿ ತಿಂದದ್ದನ್ನು ಯಾರೂ ನಿಂತು ನೋಡುತ್ತಿರಲಿಲ್ಲ. ಹಾಗೆಂದು ಹಳೆಯದೆಲ್ಲ ನಿಷ್ಕಾಮವೆನ್ನಲಾದೀತೆ? ಶ್ರಾದ್ಧದ ದಿನ ಪಿಂಡವಿಟ್ಟು ಕಾಗೆಗಾಗಿ ಕಾಯುವ ನಾವು, ಅದು ಮುಟ್ಟದಿದ್ದರೆ ಎಷ್ಟು ತಳಮಳಿಸುತ್ತೇವೆ! ಕೊಟ್ಟು ಕಾಯುವುದು ಹೊಸದಲ್ಲ, ದೊಡ್ಡ ದೋಷವೂ ಅಲ್ಲ.

ನಮ್ಮನ್ನು ಕಾಡುವುದು ಬೇರೆಯೇ. ಅದೇ ಕಾಗೆ ಉಳಿದ ದಿನಗಳಲ್ಲಿ ತಟ್ಟೆಗೆ ಬಂದರೆ 'ಹುಶ್' ಎಂದು ಅಟ್ಟುತ್ತೇವೆ. ಗಿಳಿ ಬಂದರೆ ಮನೆಮಂದಿಯೆಲ್ಲ ಸದ್ದಡಗಿ ನಿಲ್ಲುತ್ತೇವೆ. ಪಾರಿವಾಳದ ಮಾತಾದರೆ ಆರೋಗ್ಯದ ಕಾರಣವುಂಟು. ಅದರ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೇಡು. 2025ರ ಆಗಸ್ಟಿನಲ್ಲಿ ದಾದರಿನ ಕಬೂತರ್‌ಖಾನೆಗೆ ತಾಡಪತ್ರಿ ಹೊದಿಸಿದಾಗ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ಕಾಗೆಯದೇನು ತಪ್ಪು? ಚಿತ್ರಕ್ಕೆ ಚೆಲುವಲ್ಲ, ಅಷ್ಟೇ. 1972ರ ವನ್ಯಜೀವಿ ಕಾಯಿದೆಯೂ ಅದನ್ನು ಇಲಿಗಳ ಸಾಲಿನಲ್ಲಿ ಉಪದ್ರವಿಯೆಂದು ಕೂರಿಸಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಕಾಯಿದೆಗೇ ಐವತ್ತು ವರ್ಷ ಹಿಡಿಯಿತು.

ಮುಖ ನೋಡಿ ಮಣೆ ಹಾಕುವುದೆಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1960ರ ದಶಕದ ಕೊನೆಯಲ್ಲಿ ಈ ಊರಿನಲ್ಲಿ ದಕ್ಷಿಣದವರ ವಿರುದ್ಧ ಕೂಗೆದ್ದಾಗ ನಮ್ಮ ಹಿರಿಯರು ಅಂಗಡಿ, ಹೋಟೆಲುಗಳ ಬಾಗಿಲೆಳೆದುಕೊಂಡು ಕೂತಿದ್ದರು. ಅನ್ನ ಅರಸಿ ಬಂದವರಲ್ಲಿ ಬೇಕಾದವರು, ಬೇಡದವರು ಎಂದು ಆರಿಸುವ ಆ ನೋಟವೇ ಈಗ ನಮ್ಮ ಕಾಳಿನ ತಟ್ಟೆಯ ಮೇಲೂ ಬಿದ್ದಿದೆಯಲ್ಲವೆ?

ಬಾಲಕ ಸಲೀಂ ಅಲಿ ಏರ್‌ಗನ್ನಿನಿಂದ ಹಳದಿ ಕೊರಳಿನ ಗುಬ್ಬಿಯೊಂದನ್ನು ಹೊಡೆದು, ಅದು ಯಾವುದೆಂದು ಕೇಳಲು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದ ಕಥೆ ಪ್ರಸಿದ್ಧ. ಕೋವಿಯ ಜಾಗಕ್ಕೆ ಕ್ಯಾಮೆರಾ ಬಂದದ್ದು ಲಾಭವೇ. ಆದರೂ ಬಾಲ್ಕನಿಯ ಬಳ್ಳಿಯಲ್ಲಿ ಸೂರಕ್ಕಿ ಗೂಡು ಕಟ್ಟಿದಾಗ, ಬೆಳಕು ಬರಲೆಂದು ಎಲೆ ಕತ್ತರಿಸುವವರಿದ್ದಾರೆ. ಆ ಎಲೆಯೇ ಗೂಡಿಗೆ ಕೊಡೆ. ಮರಿಗಳು ಬಿಸಿಲಿಗೂ ಶತ್ರುವಿನ ಕಣ್ಣಿಗೂ ಬಯಲಾಗುತ್ತವೆ. ಚಿತ್ರ ಮಾತ್ರ ಬಲು ಚೊಕ್ಕಟ.

ಕಾಗೆ ಒಣರೊಟ್ಟಿಯ ಚೂರನ್ನು ಎಲ್ಲಿಂದಲೋ ತಂದು, ನಮ್ಮ ನೀರಿನ ಬಟ್ಟಲಲ್ಲಿ ನೆನೆಸಿ ಮೆತ್ತಗಾದ ಮೇಲೆ ತಿನ್ನುತ್ತದೆ. ಆ ಹೊತ್ತಿನಲ್ಲಿ ಬಿಸಿಲು ಬಿದ್ದರೆ ಅದರ ಕರಿಯ ಗರಿಯಲ್ಲಿ ನೀಲಿಯೂ ನೇರಳೆಯೂ ಹೊಳೆಯುತ್ತವೆ. ಇಂಥದೊಂದು ಚಿತ್ರವನ್ನು ನಮ್ಮ ಮಿತ್ರರ ಆಲ್ಬಮ್ಮುಗಳಲ್ಲಿ ನಾವಿನ್ನೂ ಕಂಡಿಲ್ಲ.