ಗುರು ಉಳಿಸಿಕೊಂಡ ಪಟ್ಟು

ಕಳೆದ ಕಾರ್ತಿಕಮಾಸದಲ್ಲಿ ಭಕ್ತರೊಬ್ಬರ ಮನೆಯ ಪೂಜೆಗೆಂದು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರಕ್ಕೆ ಹೋಗಿದ್ದಾಗ ನಡೆದ ಒಂದು ಸಣ್ಣ ಪ್ರಸಂಗವು ಈ ಲೇಖನಕ್ಕೆ ಕಾರಣವಾಯಿತು. ಪ್ರಸಾದ ಮುಗಿದು ಊರಿನ ಹತ್ತಾರು ಮಂದಿ ಜಗಲಿಯ ಮೇಲೆ ಕುಳಿತಿದ್ದರು. ಮಳೆಯ ಮಾತು, ಟೊಮೆಟೊ ಧಾರಣೆಯ ಮಾತು ನಡೆದಿತ್ತು. ಕಂಬದ ಪಕ್ಕದಲ್ಲಿ ನಿಂತಿದ್ದ ಸುಮಾರು ಮೂವತ್ತೈದು ವಯಸ್ಸಿನ, ಗಟ್ಟಿಮುಟ್ಟಾದ ಮೈಕಟ್ಟಿನವನೊಬ್ಬ ಮುಂದೆ ಬಂದು ಕೈಮುಗಿದ. ಚಿಕ್ಕಂದಿನಲ್ಲಿ ತನ್ನ ತಾತನ ಅಣ್ಣನ ಬಳಿ ಗರಡಿಯಲ್ಲಿ ಸಾಮು ಮಾಡಿ ಕುಸ್ತಿ ಕಲಿತವನು. ಅನಂತರ ಬೆಂಗಳೂರಿನಲ್ಲಿ ಟೇಕ್ವಾಂಡೊ ಕಲಿತು, ಈಗ ಸಂಜೆಯ ಹೊತ್ತು ಮಕ್ಕಳಿಗೆ ಅದನ್ನು ಹೇಳಿಕೊಡುತ್ತಾನೆ. "ಬುದ್ಧಿ, ಒಂದು ಕೇಳಬೇಕಾಗಿತ್ತು. ಕಲಿಸೋನು ಹುಡುಗರಿಗೆ ಎಲ್ಲಾನೂ ಕಲಿಸಿಬಿಡಬೇಕಾ, ಒಂದನ್ನ ತನ್ನ ಹತ್ರ ಇಟ್ಕೋಬೇಕಾ?" ಎಂದ.

ಜಗಲಿಯ ಮೇಲಿದ್ದವರಲ್ಲಿ ಕೆಲವರು ನಕ್ಕರು. ನಮಗೆ ನಗು ಬರಲಿಲ್ಲ. ಆ ಕ್ಷಣಕ್ಕೆ ತೋಚಿದ ಒಂದೆರಡು ಮಾತನ್ನು ಹೇಳಿ ಮುಗಿಸಿದೆವಾದರೂ, ಅದು ಉತ್ತರವಾಗಲಿಲ್ಲವೆಂಬುದು ನಮಗೂ ತಿಳಿದಿತ್ತು, ಅವನಿಗೂ ತಿಳಿದಿತ್ತು.

ಆ ಪ್ರಶ್ನೆ ಆ ನೆಲದಲ್ಲಿ ಹುಟ್ಟಿದ್ದು ಆಶ್ಚರ್ಯವೇನಲ್ಲ. ಊರಿನ ಹೆಸರಿನಲ್ಲಿಯೇ ಒಬ್ಬ ಅರಸನೂ ಒಂದು ಕೆರೆಯೂ ಇದ್ದಾರೆ. ಮುಳಬಾಗಿಲೆಂದರೆ ಮೂಡಲ ಬಾಗಿಲು. ವಿಜಯನಗರದ ಅರಸರಿಗೆ ಅದು ಪೂರ್ವದಿಕ್ಕಿನ ದ್ವಾರವಾಗಿತ್ತು. ಬುಕ್ಕರಾಯನ ಮಗ ಕುಮಾರ ಕಂಪಣನು ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಂದಲೇ ದಕ್ಷಿಣದ ದಂಡಯಾತ್ರೆಗೆ ಹೊರಟನು. ಮುಂದೆ ಪ್ರೌಢದೇವರಾಯನ ಕಾಲದಲ್ಲಿ ಈ ಸೀಮೆಯನ್ನು ಆಳಿದ ಲಕ್ಕಣ್ಣ ದಂಡೇಶನು 'ಶಿವತತ್ತ್ವ ಚಿಂತಾಮಣಿ'ಯನ್ನು ರಚಿಸಿದ ಶಿವಭಕ್ತನೂ ಹೌದು, ಸೇನೆಯನ್ನು ನಡೆಸಿದ ದಂಡನಾಯಕನೂ ಹೌದು. ಕೋಲಾರ ಸೀಮೆಯ ಹೊಲಗದ್ದೆಗಳಲ್ಲಿ ಇಂದಿಗೂ ನಿಂತಿರುವ ವೀರಗಲ್ಲುಗಳನ್ನು ನೋಡಿದವರಿಗೆ, ಇಲ್ಲಿ ಕಾದುವ ವಿದ್ಯೆಯು ಅರಮನೆಯ ಒಳಗೆ ಮಾತ್ರವೇ ಇರಲಿಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ತುರುಗಳನ್ನು ಬಿಡಿಸಿ ತರಲು ಹೋಗಿ ಸತ್ತ ಸಾಮಾನ್ಯನಿಗೂ ಇಲ್ಲಿ ಕಲ್ಲು ನಿಲ್ಲಿಸಿದ್ದಾರೆ.

ಅರಮನೆಯೊಳಗಿನ ಸಾಧನೆಯ ಚಿತ್ರವೂ ನಮಗೆ ದೊರೆತಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಎಂಬವನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸನು ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದೇ ಎಣ್ಣೆಯನ್ನು ಹಚ್ಚಿಸಿಕೊಂಡು, ಲಂಗೋಟಿಯುಟ್ಟು, ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ಹಿಡಿದು, ಎಣ್ಣೆಯೆಲ್ಲ ಬೆವರಾಗಿ ಹೊರಬರುವವರೆಗೆ ಸಾಮು ಮಾಡುತ್ತಿದ್ದನಂತೆ. ಆಮೇಲೆ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿ, ಅನಂತರ ಕುದುರೆ ಸವಾರಿ. ಇದನ್ನು ಓದುವಾಗಲೆಲ್ಲ ನಮಗೆ ಅರಸನಿಗಿಂತ ಆ ಹೆಸರಿಲ್ಲದ ಜಟ್ಟಿಯ ನೆನಪೇ ಹೆಚ್ಚು ಬರುತ್ತದೆ. ಪ್ರತಿದಿನ ಬೆಳಗ್ಗೆ ಸಾಮ್ರಾಟನ ಮೈಮುಟ್ಟಿ ಹೋರಾಡಬೇಕಾಗಿದ್ದ ಆ ಮನುಷ್ಯನು ತನಗೆ ಬಂದುದನ್ನೆಲ್ಲ ತೋರಿಸುತ್ತಿದ್ದನೆ?

ಪಾರಸೀ ಕವಿ ಸಾದಿಯು 1258ರಲ್ಲಿ ರಚಿಸಿದ 'ಗುಲಿಸ್ತಾನ'ದಲ್ಲಿ ಒಂದು ಕಥೆಯಿದೆ. ಒಬ್ಬ ಜಟ್ಟಿಗೆ ಮುನ್ನೂರ ಅರವತ್ತು ಪಟ್ಟುಗಳು ಬರುತ್ತಿದ್ದವು. ಮೆಚ್ಚಿನ ಶಿಷ್ಯನಿಗೆ ಮುನ್ನೂರ ಐವತ್ತೊಂಬತ್ತನ್ನು ಕಲಿಸಿ ಒಂದನ್ನು ಉಳಿಸಿಕೊಂಡನು. ಶಿಷ್ಯನು ಬೆಳೆದು, ಗುರುವಿನ ಹಿರಿತನಕ್ಕಾಗಿ ಮಾತ್ರ ತಾನು ಅವನಿಗೆ ತಗ್ಗಿ ನಡೆಯುತ್ತಿರುವೆನೆಂದೂ ಬಲದಲ್ಲಿ ತಾನೇನೂ ಕಡಮೆಯಲ್ಲವೆಂದೂ ಅರಸನ ಮುಂದೆ ಹೇಳಿಕೊಂಡನು. ಅರಸನು ಇಬ್ಬರನ್ನೂ ಕಣಕ್ಕಿಳಿಸಿದನು. ಮುದುಕನು ಆ ಒಂದು ಪಟ್ಟನ್ನು ಹಾಕಿ ಅವನನ್ನು ಎತ್ತಿ ನೆಲಕ್ಕೆ ಬಡಿದನು. ಇಂತಹ ದಿನಕ್ಕಾಗಿಯೇ ಅದನ್ನು ಇಟ್ಟುಕೊಂಡಿದ್ದೆನೆಂದನು. ನಮ್ಮ ಗರಡಿಮನೆಗಳಲ್ಲಿಯೂ ಈ ಬಗೆಯ ಕಥೆ ಕೇಳಿಬರುತ್ತದೆ. ಹುಲಿಗೆ ಎಲ್ಲವನ್ನೂ ಕಲಿಸಿ ಮರ ಹತ್ತುವುದನ್ನು ಮಾತ್ರ ಕಲಿಸದ ಬೆಕ್ಕಿನ ಕಥೆಯನ್ನು ಮಕ್ಕಳೂ ಬಲ್ಲರು.

ಕಾಲೇಜಿನಲ್ಲಿ ಓದುತ್ತಿದ್ದಾಗ ಈ ಕಥೆಯನ್ನು ಕೇಳಿ ನಾವೂ ಮೆಚ್ಚಿ ತಲೆದೂಗಿದ್ದೆವು. ಈಗ ಅಷ್ಟು ಸುಲಭವಾಗಿ ತಲೆದೂಗಲಾಗದು. ಶಿಷ್ಯನ ಕೃತಘ್ನತೆಗೆ ಶಿಕ್ಷೆಯಾಯಿತೆಂದು ಕಥೆ ನಮ್ಮನ್ನು ಒಪ್ಪಿಸುತ್ತದೆ. ಆದರೆ ಕಾಲಕ್ರಮವನ್ನು ನೋಡಬೇಕು. ಶಿಷ್ಯನು ಸೊಕ್ಕಿನ ಮಾತನ್ನಾಡಿದ್ದು ಆಮೇಲೆ. ಗುರುವು ಪಟ್ಟನ್ನು ಬಚ್ಚಿಟ್ಟದ್ದು ಮೊದಲು. ಅಪರಾಧ ನಡೆಯುವ ಮುನ್ನವೇ ತೀರ್ಪು ಬರೆದಿಟ್ಟಂತಾಯಿತು. ಶಿಷ್ಯನು ವಿನಯವಂತನಾಗಿಯೇ ಉಳಿದಿದ್ದರೆ ಆ ಗುರುವು ಅವನಿಗೆ ಕೊನೆಯ ಪಟ್ಟನ್ನು ಕೊಡುತ್ತಿದ್ದನೆ? ಕಥೆ ಈ ವಿಷಯದಲ್ಲಿ ಮೌನವಾಗಿದೆ. ಕೊಡುತ್ತಿರಲಿಲ್ಲವೆಂದೇ ನಮ್ಮ ಊಹೆ. ವಿನಯವಂತನು ಸೋಲಿಸಲು ಬರುವುದಿಲ್ಲವಾದ್ದರಿಂದ ಆ ಪಟ್ಟು ಹೊರಬರುವ ಸಂದರ್ಭವೇ ಒದಗದೆ ಮುದುಕನೊಡನೆ ಮಣ್ಣಾಗುತ್ತಿತ್ತು.

ಇದಕ್ಕೆ ವಿರುದ್ಧವಾಗಿ ನಮ್ಮ ಹಿರಿಯರ ಮಾತೊಂದಿದೆ: ಎಲ್ಲೆಡೆಯೂ ಗೆಲುವನ್ನು ಬಯಸಬೇಕು, ಮಗನಿಂದ ಮತ್ತು ಶಿಷ್ಯನಿಂದ ಮಾತ್ರ ಸೋಲನ್ನು ಬಯಸಬೇಕು ಎಂದು. ಉದಾರವಾದ ಮಾತು. ಆದರೆ ಈ ಔದಾರ್ಯ ನಮ್ಮಂಥವರಿಗೆ ಅಗ್ಗವೆಂಬುದನ್ನೂ ಒಪ್ಪಿಕೊಳ್ಳಬೇಕು. ನಾವು ಒಬ್ಬ ವಟುವಿಗೆ ವ್ಯಾಕರಣವನ್ನು ಹೇಳಿಕೊಟ್ಟರೆ ನಮ್ಮಲ್ಲಿರುವ ವ್ಯಾಕರಣ ಕಡಮೆಯಾಗುವುದಿಲ್ಲ. ಅವನು ನಮ್ಮನ್ನು ಮೀರಿದರೆ ಮಠಕ್ಕೆ ಕೀರ್ತಿ, ನಮ್ಮ ಪ್ರಸಾದಕ್ಕೇನೂ ಕುಂದಿಲ್ಲ. ಗರಡಿಯ ವಸ್ತಾದನ ಸ್ಥಿತಿ ಹಾಗಲ್ಲ. ನಸುಕಿನಲ್ಲೆದ್ದು ಕೆಮ್ಮಣ್ಣನ್ನು ಅಗೆದು ಹದಮಾಡಿ, ಎಣ್ಣೆ ಅರಿಶಿನಗಳನ್ನು ಬೆರೆಸಿ, ಹನುಮಂತನಿಗೆ ಕೈಮುಗಿದು, ನೂರಾರು ದಂಡ ಬಸ್ಕಿಗಳನ್ನು ತೆಗೆದು, ಕಲ್ಲುಗುಂಡನ್ನೆತ್ತಿ, ಗದೆ ತಿರುಗಿಸಿ ಮೂವತ್ತು ವರ್ಷ ಕಟ್ಟಿದ ಮೈಯಿ ಐವತ್ತರ ಹೊತ್ತಿಗೆ ಇಳಿಯತೊಡಗುತ್ತದೆ. ವಿದ್ವಾಂಸನ ಬಂಡವಾಳ ವಯಸ್ಸಿನೊಡನೆ ಬೆಳೆಯುತ್ತದೆ. ಜಟ್ಟಿಯ ಬಂಡವಾಳ ವಯಸ್ಸಿನೊಡನೆ ಕರಗುತ್ತದೆ. ಕರಗದೆ ಉಳಿಯುವುದು ಅವನಿಗೆ ಮಾತ್ರ ಗೊತ್ತಿರುವ ಆ ಒಂದೆರಡು ಪಟ್ಟುಗಳು. ಅವುಗಳನ್ನೂ ಕೊಟ್ಟುಬಿಟ್ಟರೆ ಅವನ ಬಳಿಗೆ ಯಾರು ಬರುತ್ತಾರೆ? ಅವನ ಒಲೆ ಹೇಗೆ ಉರಿಯುತ್ತದೆ? ಬಚ್ಚಿಡುವುದನ್ನು ಅಸೂಯೆಯೆಂದು ಕರೆಯುವ ಮೊದಲು ಅದರಲ್ಲಿ ಹಸಿವಿನ ಪಾಲು ಎಷ್ಟೆಂದು ಲೆಕ್ಕ ಹಾಕುವುದು ನ್ಯಾಯ.

ಅರಸರಿಗೆ ಇದು ತಿಳಿದಿತ್ತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವೇ ಇದೆ. ಜಟ್ಟಿಗಳನ್ನು ವಯಸ್ಸು, ಬಲ, ಮೈಕಟ್ಟುಗಳಿಗನುಸಾರವಾಗಿ ವಿಂಗಡಿಸಿ, ಅವರಿಗೆ ಕೊಡಬೇಕಾದ ಆಹಾರವನ್ನೂ ಮಾಡಿಸಬೇಕಾದ ವ್ಯಾಯಾಮವನ್ನೂ ಅಲ್ಲಿ ಹೇಳಿದ್ದಾನೆ. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ಅನಂತರ ಶರಣರು ಕೂಡಿದರೆಂಬುದನ್ನು ಪ್ರಸಂಗವಶಾತ್ ನೆನೆಯಬಹುದು. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ನಡೆದುಬಂದಿರುವ ವಜ್ರಮುಷ್ಟಿ ಕಾಳಗವೂ ಇಂತಹ ಪೋಷಣೆಯಲ್ಲಿ ಬದುಕಿದ್ದು. ತಲೆ ಬೋಳಿಸಿಕೊಂಡ ಇಬ್ಬರು ಜಟ್ಟಿಗಳು ಬೆರಳುಗಳಿಗೆ ವಜ್ರಮುಷ್ಟಿಯನ್ನು ತೊಟ್ಟು ಎದುರಾಗುತ್ತಾರೆ. ಒಬ್ಬನ ನೆತ್ತರು ಕಂಡೊಡನೆ ಕಾಳಗ ಮುಗಿಯುತ್ತದೆ. ಕೆಲವು ಕ್ಷಣಗಳ ಆ ಕಾಳಗದ ಹಿಂದಿನ ವಿದ್ಯೆ ಕೆಲವು ಜಟ್ಟಿ ಮನೆತನಗಳ ಒಳಗೇ ಉಳಿದುಬಂದಿದೆ. ಕುಲದೊಳಗೆ ಭದ್ರವಾಗಿಟ್ಟ ವಿದ್ಯೆಗೆ ಕುಲದ ಆಯುಸ್ಸೇ ಮಿತಿ.

ದೂರದ ಕೊರಿಯ ದೇಶದಲ್ಲಿ ಇಂತಹದೇ ಸಂಕಟವೊಂದು ನಮ್ಮ ಕಾಲದಲ್ಲಿ ಬಂದಿತು. ಅದು ಬಗೆಹರಿದ ರೀತಿ ನಮಗೆ ಪಾಠವಾಗಬಲ್ಲುದು. ಟೇಕ್ಯನ್ ಎಂಬುದು ಅಲ್ಲಿಯ ಹಳೆಯ ಕಾಳಗದಾಟ. ಕುಣಿತದಂತೆ ತೂಗಾಡುತ್ತ, ಎದುರಾಳಿಯನ್ನು ಕಾಲಿನಿಂದ ಬೀಳಿಸುವುದು ಅದರ ಮುಖ್ಯ ಲಕ್ಷಣ. 1910ರಿಂದ 1945ರವರೆಗಿನ ಜಪಾನೀ ಆಳ್ವಿಕೆಯಲ್ಲಿ ಅದು ಬಹುಮಟ್ಟಿಗೆ ಅಳಿಯಿತು. ಹಳೆಯ ಅರಸರ ಕಾಲದಲ್ಲಿ, 1893ರಲ್ಲಿ, ಹುಟ್ಟಿದ ಸೊಂಗ್ ದೊಕ್-ಗಿ ಎಂಬ ಒಬ್ಬರಲ್ಲಿ ಮಾತ್ರ ಅದು ಪರಂಪರೆಯಾಗಿ ಉಳಿದುಕೊಂಡಿತ್ತು. ಶಿನ್ ಹಾನ್-ಸುಂಗ್ ಎಂಬ ಕಿರಿಯರು ಅವರ ಬಳಿಗೆ ಹೋಗಿ ಕಲಿತು, ಬರೆದಿಟ್ಟು, ಅದಕ್ಕೆ ಮಾನ್ಯತೆ ದೊರೆಯುವಂತೆ ದುಡಿದರು. 1983ರಲ್ಲಿ ಕೊರಿಯ ಸರ್ಕಾರವು ಟೇಕ್ಯನ್ ಅನ್ನು ರಾಷ್ಟ್ರದ ಸಾಂಸ್ಕೃತಿಕ ಸ್ವತ್ತೆಂದು ಸಾರಿತು. ಅಲ್ಲಿ 1962ರಿಂದ ಇರುವ ಕಾನೂನಿನ ವ್ಯವಸ್ಥೆ ಗಮನಾರ್ಹವಾದದ್ದು: ಇಂತಹ ವಿದ್ಯೆಯನ್ನುಳ್ಳ ಹಿರಿಯರಿಗೆ ಸರ್ಕಾರವು ಮಾಸಾಶನ ಕೊಡುತ್ತದೆ, ಅವರು ಅದನ್ನು ಮುಂದಿನವರಿಗೆ ಕಲಿಸಬೇಕು. ಬಚ್ಚಿಟ್ಟು ಬದುಕಬೇಕಾದ ಅಗತ್ಯವನ್ನೇ ಇದು ತಗ್ಗಿಸಿತು. 1987ರಲ್ಲಿ ಗುರು ಶಿಷ್ಯರಿಬ್ಬರೂ ಒಂದೇ ವರ್ಷದಲ್ಲಿ ತೀರಿಕೊಂಡರು. ಇನ್ನು ಐದಾರು ವರ್ಷ ತಡವಾಗಿದ್ದರೆ ಏನಾಗುತ್ತಿತ್ತೆಂಬುದನ್ನು ಓದುಗರೇ ಯೋಚಿಸಬಹುದು. 2011ರಲ್ಲಿ ಯುನೆಸ್ಕೊ ಸಂಸ್ಥೆಯು ಆ ವಿದ್ಯೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ನಮ್ಮ ರಾಜ್ಯದಲ್ಲಿಯೂ ಮಾಜಿ ಪೈಲ್ವಾನರಿಗೆ ಮಾಸಾಶನವುಂಟು. ಆದರೆ ಅದು ಮುಪ್ಪಿಗೆ ಕೊಡುವ ನೆರವು; ವಿದ್ಯೆಯನ್ನು ಕೇಳಿ ಪಡೆಯುವ ಏರ್ಪಾಡಾಗಿ ಅದು ಬೆಳೆದಿಲ್ಲ.

ಇಷ್ಟು ಹೇಳಿದ ಮೇಲೆ, ಹಾಗಾದರೆ ಎಲ್ಲವನ್ನೂ ಎಲ್ಲರಿಗೂ ಕೊಟ್ಟುಬಿಡಬೇಕೆ ಎಂದು ಕೇಳಿದರೆ, ಅದಕ್ಕೂ ಒಪ್ಪಲಾಗದು. ಮಹಾಭಾರತದಲ್ಲಿ ದ್ರೋಣನು ಬ್ರಹ್ಮಶಿರವೆಂಬ ಅಸ್ತ್ರವನ್ನು ಅರ್ಜುನನಿಗೆ ಕೊಟ್ಟನು. ಅಶ್ವತ್ಥಾಮನು ತನಗೂ ಬೇಕೆಂದು ಹಟ ಹಿಡಿದನು. ಮಗನ ಸ್ವಭಾವವನ್ನರಿತಿದ್ದ ತಂದೆ ಮನಸ್ಸಿಲ್ಲದ ಮನಸ್ಸಿನಿಂದ, ಮನುಷ್ಯರ ಮೇಲೆ ಪ್ರಯೋಗಿಸಬೇಡವೆಂದು ಎಚ್ಚರಿಸಿ ಕೊಟ್ಟನು. ಯುದ್ಧದ ಕೊನೆಯಲ್ಲಿ ಇಬ್ಬರೂ ಅದನ್ನು ಬಿಟ್ಟರು. ಹಿಂದಕ್ಕೆ ಸೆಳೆದುಕೊಳ್ಳಲು ಅರ್ಜುನನಿಗೆ ಬಂದಿತು, ಅಶ್ವತ್ಥಾಮನಿಗೆ ಬರಲಿಲ್ಲ. ಅದು ಉತ್ತರೆಯ ಗರ್ಭದ ಮೇಲೆ ಬಿತ್ತು. ಕೊಡುವುದನ್ನು ತಡೆಹಿಡಿಯುವುದೂ ಒಮ್ಮೊಮ್ಮೆ ಗುರುಧರ್ಮವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇದನ್ನೇ ನಮ್ಮ ಶಾಸ್ತ್ರಗಳು ಅಧಿಕಾರಭೇದವೆಂದು ಕರೆದವು.

ಆದರೆ ಅಧಿಕಾರವೆಂಬ ಆ ಶಬ್ದದಷ್ಟು ದುರುಪಯೋಗಗೊಂಡ ಶಬ್ದ ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ಅದೇ ದ್ರೋಣನು ಏಕಲವ್ಯನನ್ನು ನಿಷಾದನೆಂದು ಹಿಂದಕ್ಕೆ ಕಳುಹಿಸಿದನು. ತಾನು ಕಲಿಸದ ವಿದ್ಯೆಗೆ ಹೆಬ್ಬೆರಳನ್ನು ದಕ್ಷಿಣೆಯಾಗಿ ಕೇಳಿದನು. ಬಾಗಿಲನ್ನು ಮುಚ್ಚಿದವರೆಲ್ಲರೂ ತಾವು ಲೋಕದ ಹಿತಕ್ಕಾಗಿ ಮುಚ್ಚಿದೆವೆಂದೇ ಹೇಳಿದ್ದಾರೆ. ಹನ್ನೆರಡನೆಯ ಶತಮಾನದ ಶರಣರು ಅನುಭಾವವನ್ನು ಜನರ ನುಡಿಯಲ್ಲಿ, ಮಡಿವಾಳನಿಗೂ ಮೇದಾರನಿಗೂ ತೆರೆದಿಟ್ಟದ್ದು ಈ ಮಾತಿನ ಮೋಸವನ್ನು ಕಂಡುಕೊಂಡೇ. ಮಠಾಧಿಪತಿಗಳಾದ ನಾವು ಈ ವಿಷಯದಲ್ಲಿ ಕೈತೊಳೆದುಕೊಂಡು ಕೂರುವಂತಿಲ್ಲ; ನಮ್ಮ ಮಠಗಳ ಗಂಟುಗಳಲ್ಲಿಯೂ ಯಾರಿಗೂ ತೋರಿಸದೆ ಹುಳುಹಿಡಿದ ಓಲೆಗಳಿದ್ದವು.

ಹೀಗಿರುವಾಗ ಸರಿಯಾದ ತಡೆಯನ್ನೂ ತಪ್ಪಾದ ತಡೆಯನ್ನೂ ಬೇರ್ಪಡಿಸುವ ಗುರುತು ಯಾವುದು? ಬಹಳ ಯೋಚಿಸಿದ ಮೇಲೆ ನಮಗೆ ತೋರಿದ್ದಿಷ್ಟು. ಮೊದಲನೆಯದಾಗಿ, ಇನ್ನೂ ಕೊಡದೆ ಇರುವುದುಂಟು ಎಂಬ ಸಂಗತಿಯನ್ನು ಗುರುವು ಶಿಷ್ಯನಿಗೆ ತಿಳಿಸಿದ್ದಾನೆಯೆ? ಸಾದಿಯ ಜಟ್ಟಿಯು ಪಟ್ಟನ್ನಷ್ಟೇ ಬಚ್ಚಿಡಲಿಲ್ಲ, ಅಂತಹದೊಂದು ಇದೆಯೆಂಬುದನ್ನೂ ಬಚ್ಚಿಟ್ಟನು. ತನಗೆ ಎಲ್ಲವೂ ಬಂದಿದೆಯೆಂದು ಶಿಷ್ಯನು ನಂಬಿದ್ದು ಅವನ ಸೊಕ್ಕು ಮಾತ್ರವಲ್ಲ, ಗುರುವಿನ ಸುಳ್ಳು ಕೂಡ. ಆದರೆ ಬಾಯಿಬಿಟ್ಟು ಹೇಳಿದ ಮಾತ್ರಕ್ಕೆ ತಡೆಯು ಸರಿಯಾಗುವುದಿಲ್ಲ. ಏಕಲವ್ಯನಿಗೆ ದ್ರೋಣನು ಮುಚ್ಚುಮರೆಯಿಲ್ಲದೆಯೇ ಇಲ್ಲವೆಂದನು. ಆದುದರಿಂದ ಎರಡನೆಯ ಪ್ರಶ್ನೆ: ಗುರುವು ಒಡ್ಡುವ ನಿಬಂಧನೆಯನ್ನು ಶಿಷ್ಯನು ತನ್ನ ಸಾಧನೆಯಿಂದ ಪೂರೈಸಬಹುದೆ? ಹುಟ್ಟನ್ನು ಯಾರೂ ಸಾಧನೆಯಿಂದ ಬದಲಿಸಲಾರರು. ಕಾಲ, ಶ್ರಮ, ನಡತೆ ಇವು ಶಿಷ್ಯನ ಕೈಯಲ್ಲಿವೆ.

ಟೇಕ್ವಾಂಡೊದ ಕೇಂದ್ರಸ್ಥಾನವಾಗಿ 1972ರಲ್ಲಿ ಸೋಲ್ ನಗರದಲ್ಲಿ ಸ್ಥಾಪಿತವಾದ ಕುಕ್ಕಿವೊನ್ ಸಂಸ್ಥೆಯ ನಿಯಮಗಳಲ್ಲಿ ಈ ಬಗೆಯ ತೆರೆದ ತಡೆಯನ್ನು ಕಾಣಬಹುದು. ಕಪ್ಪುಪಟ್ಟಿಯ ಮೊದಲ ದರ್ಜೆಯಿಂದ ಎರಡನೆಯದಕ್ಕೆ ಏರಲು ಒಂದು ವರ್ಷ ಕಾದರೆ ಸಾಕು; ಎಂಟರಿಂದ ಒಂಬತ್ತಕ್ಕೆ ಏರಲು ಒಂಬತ್ತು ವರ್ಷ ಕಾಯಬೇಕು. ಮೇಲೇರಿದಷ್ಟೂ ಕಾಯುವಿಕೆ ಹೆಚ್ಚು. ಅಷ್ಟು ಹೊತ್ತಿಗೆ ಒದೆಯುವ ಕಾಲಿನ ವೇಗ ಇಳಿದಿರುತ್ತದೆ, ಯಾರನ್ನು ಒದೆಯಬಾರದೆಂಬ ತಿಳಿವಳಿಕೆ ಬಂದಿರುತ್ತದೆ. ಪಟ್ಟಿಯನ್ನು ಹಣಕ್ಕೆ ಮಾರುವವರು ಆ ವಿದ್ಯೆಯಲ್ಲಿಯೂ ಇದ್ದಾರೆಂದು ನಾವು ಬಲ್ಲೆವು. ಆದರೂ ಏಣಿಯ ಮೆಟ್ಟಿಲುಗಳು ಎಷ್ಟಿವೆಯೆಂಬುದು ಮೊದಲ ದಿನ ಬಂದ ಹುಡುಗನಿಗೂ ಗೊತ್ತಿರುತ್ತದೆ. ನಮ್ಮ ಪರಂಪರೆಯಲ್ಲಿ ಗುರುವು ದೀಕ್ಷೆಯ ದಿನವೇ ಇಷ್ಟಲಿಂಗವನ್ನು ಅಂಗೈಗೆ ಕೊಟ್ಟುಬಿಡುತ್ತಾನೆ, ಅದರಲ್ಲಿ ಅರ್ಧವನ್ನು ಉಳಿಸಿಕೊಳ್ಳುವುದಿಲ್ಲ; ಷಟ್‌ಸ್ಥಲದ ಮೆಟ್ಟಿಲುಗಳನ್ನು ಹತ್ತುವುದು ಶಿಷ್ಯನ ಪಾಲಿಗೆ ಉಳಿದಿರುತ್ತದೆ.

ಈ ವಿಚಾರಗಳೆಲ್ಲ ಆಮೇಲೆ ಹೊಳೆದವು. ಅಂದು ದೇವರಾಯಸಮುದ್ರದಲ್ಲಿ ನಾವು ಹೊರಡಲು ಎದ್ದಾಗ ಆ ಮನುಷ್ಯ ಕಾರಿನವರೆಗೆ ಜೊತೆಯಲ್ಲಿ ಬಂದ. "ನೀನು ಹುಡುಗರಿಂದ ಯಾವುದನ್ನಪ್ಪ ಇಟ್ಟುಕೊಂಡಿರುವುದು?" ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಇಟ್ಕೊಂಡಿಲ್ಲ ಬುದ್ಧಿ, ದೊಡ್ಡತಾತ ಇಟ್ಕೊಂಡು ಹೋಗಿಬಿಟ್ರು" ಎಂದ. ಆ ಮುದುಕರು ಒಂದು ಪಟ್ಟನ್ನು ಯಾರಿಗೂ ಕಲಿಸಿರಲಿಲ್ಲವಂತೆ. ಇವನಿಗೆ ಹದಿನಾಲ್ಕು ವರ್ಷವಾಗಿದ್ದಾಗ, ಏನೋ ಎದುರು ಮಾತಾಡಿದನೆಂದು, ಒಂದೇ ಒಂದು ಸಲ ಇವನ ಮೇಲೆ ಅದನ್ನು ಹಾಕಿ ಕೆಡವಿದ್ದರಂತೆ. ಇಪ್ಪತ್ತು ವರ್ಷಗಳಿಂದ ಇವನು ಅದನ್ನು ನೆನಪಿನಿಂದ ಹುಡುಕುತ್ತಿದ್ದಾನೆ. ತನ್ನ ಹುಡುಗರಿಗೆ ಹೇಳಿ ತನ್ನನ್ನೇ ಕೆಡವಿಸಿಕೊಂಡು ನೋಡುತ್ತಾನೆ.

ಬೀದಿದೀಪದ ಬೆಳಕಿನಲ್ಲಿ ನಿಂತು ನಮಗೂ ತೋರಿಸಿದ. ಅವರ ಬಲಗೈ ಇಲ್ಲಿ ಕುತ್ತಿಗೆಯ ಮೇಲಿತ್ತು, ಎಡಗೈ ಇಲ್ಲಿ ಸೊಂಟದಲ್ಲಿತ್ತು, ನಾನು ಹೀಗೆ ಬಿದ್ದೆ ಎಂದು ಬಾಗಿ ತೋರಿಸಿದ. ಆ ಹೊತ್ತಿನಲ್ಲಿ ತಾತನ ಕಾಲು ಎಲ್ಲಿತ್ತೆಂಬುದು ಮಾತ್ರ ಅವನಿಗೆ ಇನ್ನೂ ತಿಳಿದಿಲ್ಲ.