ದೇಹವನ್ನು ನೋಡಿಕೊಳ್ಳುವುದು ಅಪನಂಬಿಕೆಯೇ?

ವಾಕ್ಯಭಾಗ: 1 ಅರಸುಗಳು 19:1-8

ಎಲ್ಲರೂ ಚೆನ್ನಾಗಿದ್ದೀರಾ? ನಾನು ಹೀಗೆ ಕೇಳಿದಾಗೆಲ್ಲ "ದೇವರ ಕೃಪೆಯಿಂದ ಚೆನ್ನಾಗಿದ್ದೀವಿ" ಅಂತೀರಿ. ಇವತ್ತು ಆ ಉತ್ತರ ಸ್ವಲ್ಪ ಪಕ್ಕಕ್ಕೆ ಇಡಿ. ನಿನ್ನೆ ರಾತ್ರಿ ಎಷ್ಟು ಗಂಟೆ ಮಲಗಿದ್ರಿ? ಬೆಳಿಗ್ಗೆ ತಿಂಡಿ ತಿಂದು ಬಂದ್ರಾ? ಮಾತ್ರೆ ತಗೊಳ್ಳೋರು ತಗೊಂಡ್ರಾ?

ಪಾಸ್ಟರ್ ಯಾಕೆ ಡಾಕ್ಟರ್ ತರ ಮಾತಾಡ್ತಿದ್ದಾರೆ ಅಂತ ಅಂದ್ಕೋಬಹುದು. ಕಾರಣ ಇದೆ. ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ಒಂದು ಶುಕ್ರವಾರದ ಉಪವಾಸ ಪ್ರಾರ್ಥನೆ. ಒಬ್ಬ ತಾಯಿ ನಡುಗೋಕೆ ಶುರು ಮಾಡಿದ್ರು. ಮೈಯೆಲ್ಲ ಬೆವರು, ಮಾತು ತಡವರಿಸ್ತಿತ್ತು. ನಾನು ಆತ್ಮನ ಸ್ಪರ್ಶ ಅಂದುಕೊಂಡೆ. ತಲೆ ಮೇಲೆ ಕೈಯಿಟ್ಟು ಇನ್ನೂ ಜೋರಾಗಿ ಪ್ರಾರ್ಥಿಸಿದೆ. ಸಭೆಯೂ ಜೋರಾಗಿ ಸ್ತುತಿಸಿತು. ಹಿಂದೆ ಕೂತಿದ್ದ ಒಬ್ಬ ನರ್ಸ್ ಸಹೋದರಿ ಓಡಿಬಂದು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಶುಗರ್ ಮಾತ್ರೆ ತಗೊಂಡು ಏನೂ ತಿಂದಿಲ್ವಾ?" ಅವರು ತಲೆ ಆಡಿಸಿದ್ರು. ಚಹಾಕ್ಕೆ ಇಟ್ಟಿದ್ದ ಸಕ್ಕರೆಯನ್ನು ಮೂರು ಚಮಚ ನೀರಲ್ಲಿ ಕಲಸಿ ಕುಡಿಸಿದ್ರು. ಕಾಲು ಗಂಟೆಯಲ್ಲಿ ನಡುಕ ನಿಂತಿತು.

ಆ ಸಹೋದರಿ ಅಲ್ಲಿ ಇಲ್ಲದಿದ್ರೆ? ಆ ಪ್ರಶ್ನೆ ನನ್ನನ್ನು ಬಹಳ ದಿನ ಮಲಗೋಕೆ ಬಿಡಲಿಲ್ಲ. ಆ ತಾಯಿಗೆ ಉಪವಾಸ ಮಾಡಿ ಅಂತ ಹೇಳಿದವನು ನಾನೇ. ನಿಮ್ಮ ಕಾಯಿಲೆ ಏನು, ಯಾವ ಮಾತ್ರೆ ಅಂತ ಕೇಳಲೇ ಇಲ್ಲ. ಆಮೇಲೆ ಅವರನ್ನು "ಮೊದಲೇ ಯಾಕೆ ಹೇಳಲಿಲ್ಲ ಅಮ್ಮಾ?" ಅಂತ ಕೇಳಿದೆ. "ನನಗೆ ನಂಬಿಕೆ ಕಮ್ಮಿ ಅಂದ್ಕೋತೀರಾ ಅಂತ ಹೆದರಿದೆ ಪಾಸ್ಟರ್" ಅಂದ್ರು. ಪ್ರಿಯರೇ, ಹಸಿವಾಗಿದೆ, ಸುಸ್ತಾಗಿದೆ ಅಂತ ಹೇಳೋಕೆ ದೇವರ ಮನೆಯಲ್ಲೇ ಒಬ್ಬರು ಹೆದರಿದ್ರೆ, ತಪ್ಪು ಕಲಿಸಿದವರದು.

ಹಾಗಾದ್ರೆ ವಾಕ್ಯ ಏನು ಕಲಿಸುತ್ತೆ? ಎಲೀಯನನ್ನು ನೋಡೋಣ. ಕರ್ಮೆಲ್ ಬೆಟ್ಟದ ಮೇಲೆ ಬಾಳನ 450 ಪ್ರವಾದಿಗಳ ಎದುರು ಒಬ್ಬನೇ ನಿಂತ ಮನುಷ್ಯ. ಪ್ರಾರ್ಥಿಸಿದ್ರೆ ಬೆಂಕಿ ಇಳಿಯಿತು, ಆಮೇಲೆ ಮಳೆ ಬಂತು. ಅಹಾಬನ ರಥಕ್ಕಿಂತ ಮುಂದೆ ಇಜ್ರೇಲಿನವರೆಗೆ ಓಡಿದ. ಅಷ್ಟರಲ್ಲಿ ಈಜೆಬೆಲಳ ಬೆದರಿಕೆ. ಅಲ್ಲಿಂದ ದಕ್ಷಿಣಕ್ಕೆ ನೂರು ಕಿಲೋಮೀಟರಿಗೂ ದೂರದ ಬೇರ್ಷೆಬಕ್ಕೆ ಓಡಿಹೋದ. ಜೊತೆಗಿದ್ದ ಸೇವಕನನ್ನೂ ಅಲ್ಲೇ ಬಿಟ್ಟು, ಮರುಭೂಮಿಯಲ್ಲಿ ಒಂದು ದಿನದ ದಾರಿ ನಡೆದು, ಗಿಡದ ಕೆಳಗೆ ಕೂತು, ನನ್ನ ಪ್ರಾಣ ತೆಗೆದುಬಿಡು ಅಂತ ದೇವರನ್ನೇ ಕೇಳಿದ.

ಆಗ ದೇವರು ಬೈದ್ರಾ? ನಿನ್ನ ನಂಬಿಕೆ ಎಲ್ಲಿ ಹೋಯ್ತು ಅಂದ್ರಾ? ಇಲ್ಲ. ಮೊದಲು ಮಲಗೋಕೆ ಬಿಟ್ಟರು. ಆಮೇಲೆ ದೂತನನ್ನು ಕಳಿಸಿ ಎಬ್ಬಿಸಿದ್ರು. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಮತ್ತೆ ತಿನ್ನಿಸಿದ, ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂತ. ಹೋರೇಬಿನಲ್ಲಿ ದೇವರು ಮಾತಾಡಿದ್ದು ಇದೆಲ್ಲ ಆದ ಮೇಲೆ. ಪ್ರಸಂಗಕ್ಕಿಂತ ಮುಂಚೆ ರೊಟ್ಟಿ ಬಂತು. ಆಮೆನ್?

ನಮ್ಮ ಕರ್ತನೂ ಹೀಗೇ. ಯಾಯೀರನ ಮಗಳನ್ನು ಸಾವಿನಿಂದ ಎಬ್ಬಿಸಿದ ಮೇಲೆ ಮನೆಯವರಿಗೆ ಹೇಳಿದ್ದೇನು? ಮಗುವಿಗೆ ತಿನ್ನೋಕೆ ಏನಾದ್ರೂ ಕೊಡಿ ಅಂತ. ಪ್ರಾಣ ಕೊಡೋಕೆ ಶಕ್ತನಾದವನು ಹೊಟ್ಟೆಯನ್ನು ಮರೆಯಲಿಲ್ಲ. ಶಿಷ್ಯರಿಗೆ ಊಟಕ್ಕೂ ಪುರುಸೊತ್ತಿಲ್ಲದಿದ್ದಾಗ ಏಕಾಂತ ಸ್ಥಳಕ್ಕೆ ಕರೆದುಕೊಂಡು ಹೋಗಿ ದಣಿವಾರಿಸಿಕೊಳ್ಳಿ ಅಂದ.

ಇಲ್ಲೊಂದು ನ್ಯಾಯವಾದ ಪ್ರಶ್ನೆ ಇದೆ. ತನ್ನನ್ನು ನಿರಾಕರಿಸಿ ಶಿಲುಬೆ ಹೊತ್ತು ಬರಬೇಕು ಅಂತ ಅದೇ ಯೇಸು ಹೇಳಿಲ್ವಾ? ಹೇಳಿದ್ದಾನೆ, ನಾವು ಅದನ್ನು ತಗ್ಗಿಸಬಾರದು. ಆದ್ರೆ ನಮಗೆ ಬರೋ ನೋವೆಲ್ಲ ಶಿಲುಬೆ ಅಲ್ಲ. ರೋಗಿಯ ಪಕ್ಕ ರಾತ್ರಿಯಿಡೀ ಕೂತು ನಿದ್ದೆಗೆಟ್ಟರೆ ಅದು ಪ್ರೀತಿಗಾಗಿ ಹೊತ್ತ ಭಾರ. ರಾತ್ರಿ ಎರಡರವರೆಗೆ ಮೊಬೈಲ್ ನೋಡಿ ಬೆಳಿಗ್ಗೆ ಮಕ್ಕಳ ಮೇಲೆ ರೇಗಿದ್ರೆ ಅದು ಶಿಲುಬೆ ಅಲ್ಲ. ನೀರು ಕುಡಿಯದೆ ತರಿಸಿಕೊಂಡ ತಲೆನೋವಿಗೆ ಸೈತಾನನನ್ನು ಗದರಿಸಿ ಪ್ರಯೋಜನ ಇಲ್ಲ.

ಹಾಗಾದ್ರೆ ಸ್ವಾರ್ಥ ಯಾವುದು, ಆರೈಕೆ ಯಾವುದು? ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೀನಿ. ವಿಶ್ರಾಂತಿ ಆದ ಮೇಲೆ ನಾನು ಜನರ ಕಡೆ ಹೋಗ್ತೀನಾ, ಜನರಿಂದ ದೂರ ಹೋಗ್ತೀನಾ? ಎಲೀಯ ತಿಂದು, ಮಲಗಿ, ಗಿಡದ ಕೆಳಗೇ ಮನೆ ಕಟ್ಟಲಿಲ್ಲ. ಆ ಊಟದ ಬಲದಿಂದ ನಾಲ್ವತ್ತು ದಿನ ನಡೆದ, ಹಿಂತಿರುಗಿ ಎಲೀಷನನ್ನು ಕರೆದ. ಸೇವೆ ಮುಂದಿನ ತಲೆಮಾರಿಗೆ ದಾಟಿತು. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕು ಅನ್ನೋ ಆಜ್ಞೆಯಲ್ಲಿ ಅಳತೆಗೋಲು ನಾವೇ. ಕೋಲೇ ಮುರಿದಿದ್ರೆ ಅಳೆಯೋದು ಹೇಗೆ?

ತಾಯಂದಿರಿಗೆ ಒಂದು ಮಾತು. ಎಲ್ಲರಿಗೂ ಬಡಿಸಿ, ಉಳಿದ ತಂಗಳನ್ನು ಅಡುಗೆಮನೆಯಲ್ಲಿ ನಿಂತೇ ತಿನ್ನೋದನ್ನು ನಾವು ತ್ಯಾಗ ಅಂತ ಹೊಗಳಿಬಿಟ್ಟಿದ್ದೀವಿ. ಗಂಡಸರೇ, ಈ ವಾರ ಒಂದು ದಿನವಾದ್ರೂ ನೀವು ಬಡಿಸಿ. ಅವರು ಕೂತು ಬಿಸಿ ಮುದ್ದೆ, ಸೊಪ್ಪಿನ ಸಾರು ಊಟ ಮಾಡಲಿ. ಎಲೀಯನಿಗೆ ಬಡಿಸಿದ್ದು ದೇವದೂತ, ನೆನಪಿರಲಿ. ಬಡಿಸೋದು ಸಣ್ಣ ಕೆಲಸ ಅಲ್ಲ.

ಈ ವಾರ ಇಷ್ಟು ಮಾಡೋಣ. ದೊಡ್ಡವರಿಗೆ ಏಳು ಗಂಟೆಯಾದ್ರೂ ನಿದ್ದೆ ಬೇಕು. ಮೊಬೈಲನ್ನು ಮಂಚದಿಂದ ದೂರ ಇಡಿ. ದಿನಕ್ಕೆ ಅರ್ಧ ಗಂಟೆ ನಡೆಯಿರಿ, ನಡೀತಾ ಪ್ರಾರ್ಥಿಸಿ. ಬಿ.ಪಿ., ಶುಗರ್ ಪರೀಕ್ಷೆ ಮಾಡಿಸಿ. ಯಾರೂ, ನನ್ನ ಮಾತು ಕೇಳಿಯೂ ಸಹ, ಮಾತ್ರೆ ನಿಲ್ಲಿಸಬೇಡಿ. ದೇವರು ಗುಣ ಮಾಡಿದ್ರೆ ಡಾಕ್ಟರ್ ರಿಪೋರ್ಟಲ್ಲೂ ಕಾಣುತ್ತೆ. ಆಗ ಅವರೇ ನಿಲ್ಲಿಸಲಿ. ಶುಗರ್ ಇರೋರು, ಬಸುರಿಯರು, ಹಾಲುಣಿಸೋ ತಾಯಂದಿರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬೇಡಿ. ನೀವು ತಿಂದು ಬಂದು ಕೂತರೂ ನಿಮ್ಮ ಪ್ರಾರ್ಥನೆ ಅದೇ ಸಿಂಹಾಸನಕ್ಕೆ ಮುಟ್ಟುತ್ತೆ.

ಆ ತಾಯಿ ಈಗಲೂ ಶುಕ್ರವಾರ ಬರ್ತಾರೆ, ಬ್ಯಾಗಲ್ಲಿ ಒಂದು ಡಬ್ಬಿ ಇಟ್ಕೊಂಡು. ಹನ್ನೊಂದು ಗಂಟೆಗೆ ಡಬ್ಬಿ ತೆಗೆದು ಎರಡು ಇಡ್ಲಿ ತಿಂತಾರೆ. ಮೊದಮೊದಲು ನಾಚಿಕೊಳ್ತಿದ್ರು. ಈಗ ಪಕ್ಕದವರು ನೀರು ತಂದು ಕೊಡ್ತಾರೆ. ನನಗೆ ಅದೂ ಒಂದು ಆರಾಧನೆಯಾಗಿ ಕಾಣುತ್ತೆ.

ಪ್ರಾರ್ಥನೆ ಮಾಡೋಣ. ತಂದೆಯೇ, ಈ ದೇಹ ನಿನ್ನ ಆಲಯ. ಅದನ್ನು ಕಡೆಗಣಿಸಿದ್ದಕ್ಕೆ, ಬೇರೆಯವರೂ ಕಡೆಗಣಿಸುವ ಹಾಗೆ ಮಾಡಿದ್ದಕ್ಕೆ ಕ್ಷಮಿಸು. ದಣಿದವರನ್ನು ಮುಟ್ಟಿ ಎಬ್ಬಿಸು, ದಾರಿಗೆ ಬೇಕಾದ ಬಲ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.